ಸೆಲ್ಯೂಟ್ ಸಲ್ಲುವುದು ಯಾರಿಗೆ?

ಜನವರಿ 26, ಆಗಸ್ಟ್ 15ರ ಜೊತೆಗೆ ಕಲ್ಯಾಣ ಕರ್ನಾಟಕ ಉತ್ಸವದ ದಿನವಾದ ಸೆಪ್ಟೆಂಬರ್ 17ರಂದೂ ರಾಯಚೂರು, ಕೊಪ್ಪಳದಲ್ಲಿ ಧ್ವಜ ಏರುತ್ತದೆ, ಪೊಲೀಸರು ಗೌರವ ವಂದನೆ ಸಲ್ಲಿಸುತ್ತಾರೆ. ವಂದನೆ ಸಲ್ಲುವುದು ವೇದಿಕೆಯಲ್ಲಿ ನಿಂತ ಮನುಷ್ಯನಿಗೋ, ಅವರ ಸ್ಥಾನಕ್ಕೋ? 1948ಕ್ಕಿಂತ ಮೊದಲು ಈ ಸೀಮೆಯಲ್ಲಿ ಅದಕ್ಕೆ ಉತ್ತರ ಬೇರೆಯೇ ಇತ್ತು.

ಆಗ ಮರ್ಯಾದೆಯನ್ನು ಎಣಿಸುತ್ತಿದ್ದದ್ದು ಕುಶಾಲತೋಪಿನಿಂದ, ಅಂದರೆ ಗೌರವಕ್ಕಾಗಿ ಹಾರಿಸುವ ಫಿರಂಗಿಯಿಂದ. ರಾಯಚೂರು, ಕೊಪ್ಪಳವನ್ನು ಆಳುತ್ತಿದ್ದ ನಿಜಾಮರಿಗೆ 21 ತೋಪು. ನೂರಾರು ಸಂಸ್ಥಾನಗಳಲ್ಲಿ ಅಷ್ಟು ತೋಪು ದಕ್ಕಿದ್ದು ಹೈದರಾಬಾದ್, ಮೈಸೂರು, ಬರೋಡಾ, ಗ್ವಾಲಿಯರ್, ಜಮ್ಮು–ಕಾಶ್ಮೀರಕ್ಕೆ ಮಾತ್ರ. ಬಳ್ಳಾರಿ 1800ರಲ್ಲೇ ನಿಜಾಮರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ದಂಡಿನ ಊರಾಯಿತು. ಕಂಟೋನ್ಮೆಂಟ್ ಎಂಬ ಹೆಸರು ಅಲ್ಲಿ ಇವತ್ತಿಗೂ ಉಳಿದಿದೆ. ಅದರ ಮಗ್ಗುಲಲ್ಲೇ ಇದ್ದ ಘೋರ್ಪಡೆಯವರ ಸಂಡೂರು ಸಂಸ್ಥಾನಕ್ಕೆ ಒಂದು ತೋಪೂ ಇರಲಿಲ್ಲ. ಅಳತೆಯೆಲ್ಲ ಅರಸನ ಅಂತಸ್ತಿನದು. 1948ರ ಸೆಪ್ಟೆಂಬರ್ 18ರಂದು ಹೈದರಾಬಾದ್ ಸೇನೆಯ ಮುಖ್ಯಸ್ಥ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು, ಮರುವರ್ಷ ಸಂಡೂರೂ ವಿಲೀನವಾಯಿತು. ಈಗ 21 ತೋಪು ಗಣರಾಜ್ಯದ ಪರವಾಗಿ ರಾಷ್ಟ್ರಪತಿಗೆ ಸಲ್ಲುತ್ತದೆ.

ಕೈಯೆತ್ತುವ ಸೆಲ್ಯೂಟಿನದು ಬೇರೆ ದಾರಿ. ಯುರೋಪಿನ ಯೋಧರು ಶಿರಸ್ತ್ರಾಣದ ಮುಸುಕು ಎತ್ತಿ ಮುಖ ತೋರಿಸುತ್ತಿದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಗಟ್ಟಿಯಾದದ್ದು ಬ್ರಿಟಿಷ್ ಸೇನೆಯ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯ 1745ರ ಆದೇಶ: ಅಧಿಕಾರಿ ಎದುರಾದರೆ ಟೋಪಿ ತೆಗೆಯಬೇಡಿ, ಟೋಪಿಗೆ ಕೈ ತಾಗಿಸಿ ತಲೆಬಾಗಿ ಸಾಗಿ. ಟೋಪಿ ತೆಗೆಯುವುದರ ಬದಲಿಗೆ ಬಂದದ್ದು ಸೆಲ್ಯೂಟ್. ಅದಕ್ಕೇ ನಮ್ಮ ಸೇನೆಯಲ್ಲೂ ಬರಿತಲೆಯಲ್ಲಿದ್ದಾಗ ಕೈ ಎತ್ತುವುದಿಲ್ಲ, ಸಾವಧಾನ್‌ನಲ್ಲಿ ನಿಲ್ಲುತ್ತಾರೆ. ಆದರೆ ಗಣ್ಯರು ಬರಿತಲೆಯಲ್ಲೇ ವಂದನೆ ಸ್ವೀಕರಿಸಬಹುದೆಂದು 2002ರ ಧ್ವಜ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ.

ಭೂಸೇನೆಯ ಸೆಲ್ಯೂಟಿನಲ್ಲಿ ಅಂಗೈ ಪೂರ್ತಿ ಮುಂದಕ್ಕೆ, ನೌಕಾಪಡೆಯಲ್ಲಿ ನೆಲದ ಕಡೆಗೆ. ವಾಯುಪಡೆಯವರು 2006ರವರೆಗೆ ಭೂಸೇನೆಯಂತೆಯೇ ಮಾಡುತ್ತಿದ್ದರು, ಆಮೇಲೆ 45 ಡಿಗ್ರಿ ಓರೆಗೆ ಬಂದರು.

ಎನ್‌ಸಿಸಿ ಹುಡುಗರು ಕಲಿಯುವುದು ಭೂಸೇನೆಯ ಕ್ರಮ. ‘ಸಾಮ್ನೇ ಸೆಲ್ಯೂಟ್’ ಎಂದೊಡನೆ ಬಲಗೈ ಬದಿಯಿಂದ ಭುಜದ ಮಟ್ಟಕ್ಕೆ ಏರಿ, ಮೊಣಕೈ ಮಡಚಿ, ತೋರುಬೆರಳ ತುದಿ ಬಲಗಣ್ಣಿನಿಂದ ಒಂದಿಂಚು ಮೇಲೆ ನಿಲ್ಲಬೇಕು. ಹೆಬ್ಬೆರಳೂ ಸೇರಿ ಐದೂ ಬೆರಳು ಕೂಡಿರಬೇಕು. ಇಳಿಸುವಾಗ ಕೈ ಹತ್ತಿರದ ದಾರಿಯಲ್ಲಿ ನೇರ ಕೆಳಗೆ ಬರಬೇಕು. ಹೆಚ್ಚಾಗಿ ಕೆಡುವುದು ಮೊಣಕೈ: ಅದು ಮುಂದಕ್ಕೆ ಜಾರಿದರೆ ಅಂಗೈ ಒಳಕ್ಕೆ ತಿರುಗುತ್ತದೆ, ತಲೆ ತಾನೇ ಕೈಯ ಕಡೆಗೆ ವಾಲುತ್ತದೆ. ಆಗ ಬೆರಳನ್ನು ತಿದ್ದಿ ಫಲವಿಲ್ಲ. ಮೊಣಕೈಯನ್ನು ಹಿಂದಕ್ಕೆ, ಭುಜದ ಸಾಲಿಗೆ ತಂದರೆ ಉಳಿದದ್ದು ಸರಿಹೋಗುತ್ತದೆ. ಗಮನವೆಲ್ಲ ಬಲಗೈ ಮೇಲಿರುವಾಗ ಎಡಗೈ ಮುಷ್ಟಿ ಸಡಿಲವಾಗುವುದೂ ಉಂಟು. ನಡೆಯುತ್ತ ಸೆಲ್ಯೂಟ್ ಮಾಡುವಾಗ ಅಧಿಕಾರಿಗಿಂತ ಮೂರು ಹೆಜ್ಜೆ ಮೊದಲೇ ಕೈ ಏರಬೇಕು, ಎರಡು ಹೆಜ್ಜೆ ದಾಟಿದ ಮೇಲೆ ಇಳಿಯಬೇಕು.

ಸೇನೆಯಲ್ಲಿ ಕಿರಿಯರು ಮೊದಲು ಸೆಲ್ಯೂಟ್ ಹೊಡೆಯುತ್ತಾರೆ, ಹಿರಿಯರು ಅದಕ್ಕೆ ಪ್ರತಿವಂದನೆ ಮಾಡಲೇಬೇಕು. ವಂದನೆ ಸಲ್ಲುವುದು ರಾಷ್ಟ್ರಪತಿ ಕೊಟ್ಟ ಕಮಿಷನ್‌ಗೆ, ಅಂದರೆ ಅಧಿಕಾರಿಯಾಗಿ ನೇಮಿಸುವ ಅಧಿಕಾರಪತ್ರಕ್ಕೆ. ಅದನ್ನು ಹೊತ್ತವರ ವಯಸ್ಸು, ಜಾತಿ, ಊರು ಲೆಕ್ಕಕ್ಕಿಲ್ಲ. ನಲವತ್ತರ ಹವಾಲ್ದಾರರು ಇಪ್ಪತ್ತೆರಡರ ಲೆಫ್ಟಿನೆಂಟ್‌ಗೆ ಸಂಕೋಚವಿಲ್ಲದೆ ಸೆಲ್ಯೂಟ್ ಹೊಡೆಯುವುದು ಇದರಿಂದಲೇ. ತೋಪಿನ ಕಾಲದ ಅಂತಸ್ತಿಗೂ ಇದಕ್ಕೂ ಇರುವ ಈ ದೂರವನ್ನು ನಮ್ಮ ಶಾಲೆಗಳಲ್ಲಿ ಕಲಿಸಲೇಬೇಕು.

ಧ್ವಜ ಏರುವಾಗ ಸಾದಾ ಉಡುಪಿನವರು ಧ್ವಜದ ಕಡೆ ಮುಖಮಾಡಿ ನೆಟ್ಟಗೆ ನಿಂತರೆ ಸಾಕು, ಸೆಲ್ಯೂಟ್ ಸಮವಸ್ತ್ರದವರಿಗೆ. ಮೈದಾನದಲ್ಲಿ ತಾಲೀಮು ಮಾಡಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಬಳ್ಳಾರಿ, ರಾಯಚೂರಿನ ಬಿಸಿಲಲ್ಲಿ ಮಂಡಿ ಬಿಗಿಹಿಡಿದು ಬಹಳ ಹೊತ್ತು ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲಿಡುತ್ತದೆ, ಮಕ್ಕಳು ಸಾಲಿನಲ್ಲೇ ಬೀಳುತ್ತಾರೆ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಬಿದ್ದಿರಬೇಕು, ನೀರು ಕುಡಿದಿರಬೇಕು. ಸಾವಧಾನ್‌ನಲ್ಲಿದ್ದಾಗಲೂ ಶೂ ಒಳಗೆ ಕಾಲ್ಬೆರಳುಗಳನ್ನು ಒತ್ತಿ ಬಿಡುತ್ತಿರುವಂತೆ ಮೊದಲೇ ಹೇಳಿಕೊಡಬೇಕು.