ಟಿಕೆಟ್ ತೆಗೆಯುವ ಮುಂಚೆ ಆನೆಯ ಪಾದ ನೋಡಿ

ರಜೆ ಬಂದರೆ ಬೆಂಗಳೂರಿನವರು ದುಬಾರೆ, ಸಕ್ರೆಬೈಲು ಆನೆ ಶಿಬಿರ ಅಂತ ಹೊರಡುತ್ತಾರೆ. ನಾನು ಪಶುವೈದ್ಯ ಅಂತ ಗೊತ್ತಾದರೆ ಸಾಕು, ‘ಡಾಕ್ಟ್ರೇ, ಅಲ್ಲಿ ಆನೆಗಳನ್ನ ಚೆನ್ನಾಗಿ ನೋಡ್ಕೊಳ್ತಾರಾ?’ ಎಂಬ ಪ್ರಶ್ನೆ. ಊರಿನ ಹೆಸರು ಕೇಳಿ ಉತ್ತರ ಹೇಳೋಕಾಗಲ್ಲ. ಆನೆಯ ಪಾದ ನೋಡಬೇಕು.

ಮೂರ್ನಾಲ್ಕು ಟನ್ ಭಾರ ಹೊರುವ ಪಾದ ಅದು. ಕಾಡಾನೆ ಮಣ್ಣು, ಮರಳು, ಕೆಸರಲ್ಲಿ ನಡೆದು ನಡೆದು ಅಂಗಾಲು, ಉಗುರು ತಾವಾಗಿಯೇ ಸವೆಯುತ್ತವೆ. ಸಿಮೆಂಟ್ ನೆಲದ ಮೇಲೆ, ತನ್ನದೇ ಲದ್ದಿ-ಗಂಜಲದಲ್ಲಿ ನಿಂತ ಆನೆಗೆ ಅಂಗಾಲು ಬಿರಿಯುತ್ತದೆ, ಉಗುರು ಸೀಳುತ್ತದೆ. ಸೀಳಿನೊಳಗೆ ಹರಳು ಸಿಕ್ಕಿಕೊಂಡು ಕೀವು ಕಟ್ಟುತ್ತದೆ. ದಿನಾ ಕಾಲು ನೆನೆಸಿ, ಸತ್ತ ಭಾಗ ಕೆತ್ತಿ, ಔಷಧಿ ಹಚ್ಚಬೇಕು. ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸೋಂಕು ಮೂಳೆಗೆ ಇಳಿದರೆ ನಾವು ಮಾಡುವುದು ಜಾಸ್ತಿ ಏನೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಮುಂಗಾಲಿಗೆ 5 ಉಗುರು, ಹಿಂಗಾಲಿಗೆ 4. ದೂರದಿಂದಲೇ ಮಕ್ಕಳ ಕೈಲಿ ಎಣಿಸಿ, ಬಿರುಕಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಿಂತಲ್ಲೇ ತಲೆ ತೂಗುವ ಆನೆಯನ್ನು ನೋಡಿ ‘ಡ್ಯಾನ್ಸ್ ಮಾಡ್ತಿದೆ’ ಎಂದು ವಿಡಿಯೊ ಮಾಡುತ್ತಾರೆ. ಅದು ಕಟ್ಟಿಹಾಕಿದ, ಒಂಟಿಯಾದ ಪ್ರಾಣಿಗೆ ಹತ್ತುವ ಚಾಳಿ. ಒಮ್ಮೆ ಹತ್ತಿದರೆ ಜಾಗ ಬದಲಾದರೂ ಸುಲಭಕ್ಕೆ ಬಿಡದು.

ಸರಪಳಿ ಕಂಡ ತಕ್ಷಣ ಸಿಟ್ಟಾಗುವವರೂ ಇದ್ದಾರೆ. ನಮ್ಮ ಕಾಡಂಚಿನ ಶಿಬಿರಗಳಲ್ಲಿ ಉದ್ದ ಸರಪಳಿ ಎಳೆದುಕೊಂಡೇ ಆನೆಗಳು ರಾತ್ರಿ ಮೇಯಲು ಹೋಗುತ್ತವೆ. ಬೆಳಿಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ಕರೆತರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಹಗಲೂ ರಾತ್ರಿ ಎರಡು ಕಾಲಿಗೂ ಗಿಡ್ಡ ಸರಪಳಿ ಬಿಗಿದಿದ್ದರೆ, ಕಾಲಲ್ಲಿ ರೋಮವಿಲ್ಲದ ಬಿಳಿ ಕಲೆ ಇದ್ದರೆ, ಅದು ಬೇರೆ ಮಾತು. 2014ರಲ್ಲಿ, ಹೀಗೆ ಸರಪಳಿ ಬಿಗಿದಿಟ್ಟಿದ್ದ ಕೊಲ್ಹಾಪುರದ ಕಡೆಯ ದೇವಸ್ಥಾನದ ಸುಂದರ್ ಎಂಬ ಆನೆಯನ್ನು ನಮ್ಮ ಬನ್ನೇರುಘಟ್ಟಕ್ಕೆ ತರೋಕೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು.

ಸೊಂಡಿಲಿನ ಆಶೀರ್ವಾದಕ್ಕೂ ಅವಸರ ಬೇಡ. ಮನುಷ್ಯರ ಕ್ಷಯ ಆನೆಗೆ ಅಂಟುತ್ತದೆ, ಆನೆಯಿಂದ ಮನುಷ್ಯರಿಗೂ ಬರಬಹುದು. ನಿಮಗೆ ಕೆಮ್ಮಿದ್ದರೆ ಸುಮ್ನೆ ದೂರ ನಿಲ್ಲಿ.

ಸವಾರಿಗೆ ಮಾತ್ರ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ಆನೆಯ ಬೆನ್ನುಮೂಳೆಯ ಮುಳ್ಳುಗಳು ಚರ್ಮದ ಕೆಳಗೇ ಇರುತ್ತವೆ. ಅಂಬಾರಿ ಪೀಠ ಉಜ್ಜಿ ಉಜ್ಜಿ ಅಲ್ಲಿ ಹುಣ್ಣಾಗುತ್ತದೆ. ಅದರ ಬದಲು ಮಾವುತನ ಹತ್ತಿರ ಹೋಗಿ, ‘ರಾತ್ರಿ ಎಲ್ಲಿ ಬಿಡ್ತೀರಣ್ಣ?’ ಎಂದು ಕೇಳಿ. ಬಿಡುವವನಾದರೆ ಯಾವ ಹಳ್ಳ, ಯಾವ ಬಿದಿರುಮೆಳೆ ಅಂತ ತಾನೇ ಹೇಳುತ್ತಾನೆ.