ಲಿನಕ್ಸ್‌ನಲ್ಲಿ ಸ್ಟೀಮ್ ಆಟ: ವಿಂಡೋಸ್ ಡ್ರೈವ್ ಹಂಚಿಕೊಳ್ಳುವಾಗ ನಾನು ಎಡವಿದ ಜಾಗ

ಮೂರು ಸಂಜೆ ಇದರಲ್ಲೇ ಕಳೆದವು. ನಿನ್ನೆ ರಾತ್ರಿ ಕೊನೆಗೂ ಆಟ ತೆರೆದುಕೊಂಡಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ಬರುವವರಿಗೂ ಉಪಯೋಗವಾಗಲಿ.

ಮನೆಯಲ್ಲಿರುವುದು ಒಂದೇ ಡೆಸ್ಕ್‌ಟಾಪ್. ತಮ್ಮನ ಕಾಲೇಜ್ ಕೆಲಸಕ್ಕೆ ವಿಂಡೋಸ್ ಬೇಕು, ನನಗೆ ಉಬುಂಟು ಎಂಬ ಲಿನಕ್ಸ್. ಹಾಗಾಗಿ ಡ್ಯುಯಲ್ ಬೂಟ್, ಅಂದರೆ ಒಂದೇ ಕಂಪ್ಯೂಟರ್‌ನಲ್ಲಿ ಎರಡೂ. ಆಟಗಳೆಲ್ಲ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿವೆ, ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದೆ. ಒಂದು ಆಟ 60 ಜಿಬಿ ಅಂದುಕೊಳ್ಳಿ. ನಮ್ಮ 40 ಎಂಬಿಪಿಎಸ್ ಲೈನ್‌ನಲ್ಲಿ ಅದು ಇಳಿಯಲು ಎಲ್ಲ ಸರಿ ಇದ್ದರೂ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ತಿಂಗಳ ಡೇಟಾ ಮಿತಿ ಬೇರೆ. ಅದೇ ಆಟವನ್ನು ಎರಡು ಸಲ ಇಳಿಸುವ ಮಾತೇ ಇಲ್ಲ.

ಸ್ಟೀಮ್‌ನ (ಆಟ ಕೊಂಡು ಇಳಿಸಿಕೊಳ್ಳುವ ಆ್ಯಪ್) ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಆ ಡ್ರೈವ್ ಸೇರಿಸಿದೆ. ಆಟಗಳೆಲ್ಲ ಪಟ್ಟಿಯಲ್ಲಿ ಬಂದವು. ಪ್ಲೇ ಒತ್ತಿದರೆ ಬಟನ್ ಸ್ಟಾಪ್ ಅಂತ ಬದಲಾಗುತ್ತದೆ, ನಾಲ್ಕೈದು ಸೆಕೆಂಡ್ ಕಳೆದ ಮೇಲೆ ಮತ್ತೆ ಪ್ಲೇ. ಎರರ್ ಇಲ್ಲ, ಕಿಟಕಿ ಇಲ್ಲ, ಏನೂ ಇಲ್ಲ.

ಪ್ರೋಟಾನ್ ಏನು ಮಾಡುತ್ತದೆ, ಚುಟುಕಾಗಿ

ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಯೋಜನೆ ಶುರುವಾದದ್ದು 1993ರಲ್ಲಿ. ವಾಲ್ವ್ ಕಂಪನಿ ಅದರ ಮೇಲೆ ಪ್ರೋಟಾನ್ ಕಟ್ಟಿ 2018ರ ಆಗಸ್ಟ್‌ನಲ್ಲಿ ಸ್ಟೀಮ್ ಒಳಗೇ ಸೇರಿಸಿತು. ಆಟ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಚಿತ್ರ ಕೇಳುತ್ತದೆ. ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ಅದನ್ನು ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುತ್ತದೆ. ಡೈರೆಕ್ಟ್‌ಎಕ್ಸ್ 12 ಆಟಗಳಿಗೆ ಇದೇ ಕೆಲಸವನ್ನು ವಿಕೆಡಿ3ಡಿ-ಪ್ರೋಟಾನ್ ಮಾಡುತ್ತದೆ. ಇಷ್ಟು ಸಾಕು.

ನಮಗೆ ಮುಖ್ಯವಾದದ್ದು ಬೇರೆ. ಪ್ರತಿ ಆಟಕ್ಕೂ ಪ್ರೋಟಾನ್ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟುತ್ತದೆ. ಇದನ್ನು ಪ್ರಿಫಿಕ್ಸ್ ಅನ್ನುತ್ತಾರೆ. ಆಟ ಯಾವ ಲೈಬ್ರರಿಯಲ್ಲಿದೆಯೋ ಅಲ್ಲಿನ ಸ್ಟೀಮ್‌ಆ್ಯಪ್ಸ್ ಫೋಲ್ಡರ್ ಒಳಗೆ ಕಾಂಪ್ಯಾಟ್‌ಡೇಟಾ ಅಂತ ಇರುತ್ತದೆ. ಅದರೊಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು. ಆ ಅಂಕಿಯೇ ಆಟದ ಐಡಿ. ಅಂಗಡಿ ಪುಟದ ವಿಳಾಸದಲ್ಲೂ ಅದೇ ಅಂಕಿ ಕಾಣುತ್ತದೆ.

ತೊಂದರೆ ಒಂದು ಕೋಲನ್‌ನಲ್ಲಿತ್ತು

ಆಟದ ಪ್ರಾಪರ್ಟೀಸ್‌ನಲ್ಲಿ ಲಾಂಚ್ ಆಪ್ಷನ್ಸ್ ಅಂತ ಒಂದು ಡಬ್ಬಿ ಇದೆ. ಅದರಲ್ಲಿ ಪ್ರೋಟಾನ್_ಲಾಗ್=1 %ಕಮಾಂಡ್% ಅಂತ ಹಾಕಿ (ಇಂಗ್ಲಿಷ್ ಅಕ್ಷರದಲ್ಲಿ, ಮೊದಲ ಭಾಗ ದೊಡ್ಡಕ್ಷರ, ಎರಡನೆಯದು ಸಣ್ಣಕ್ಷರ). ಆಟ ಬಿದ್ದ ಮೇಲೆ ಹೋಮ್ ಫೋಲ್ಡರ್‌ನಲ್ಲಿ ಒಂದು ಲಾಗ್ ಫೈಲ್ ಸಿಗುತ್ತದೆ. ಮೌನವಾಗಿ ಬೀಳುವ ಆಟಕ್ಕೆ ಬಾಯಿ ಬರಿಸುವ ದಾರಿ ಇದು. ದಯವಿಟ್ಟು ಇದನ್ನೇ ಮೊದಲು ಮಾಡಿ. ನಾನು ಮೊದಲ ಸಂಜೆಯೆಲ್ಲ ಡ್ರೈವರ್ ತೆಗೆದು ಹಾಕಿ ಮಾಡಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ನಿಜವಾದ ಕಾರಣ ಪ್ರಿಫಿಕ್ಸ್ ಒಳಗಿತ್ತು. ಅಲ್ಲಿ ಡಾಸ್‌ಡಿವೈಸಸ್ ಎಂಬ ಫೋಲ್ಡರ್ ಇದೆ. ಅದರಲ್ಲಿ ಸಿ ಡ್ರೈವ್‌ಗೆ ಒಂದು ಲಿಂಕ್, ಅದರ ಹೆಸರು "ಸಿ:". ಇಡೀ ಲಿನಕ್ಸ್ ಡಿಸ್ಕ್‌ಗೆ ಇನ್ನೊಂದು, "ಝಡ್:". ಹೆಸರಿನ ಕೊನೆಯಲ್ಲಿ ಕೋಲನ್ ಇದೆ ನೋಡಿ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ಹಾಕುವಂತಿಲ್ಲ. ಡ್ರೈವ್ ವಿಂಡೋಸ್_ನೇಮ್ಸ್ ಎಂಬ ಆಪ್ಷನ್ ಜೊತೆ ಮೌಂಟ್ ಆಗಿದ್ದರೆ (ಅಂದರೆ ಲಿನಕ್ಸ್‌ಗೆ ಜೋಡಣೆಯಾಗಿದ್ದರೆ) ಲಿನಕ್ಸ್ ಕೂಡ ಆ ಹೆಸರು ಬೇಡ ಅನ್ನುತ್ತದೆ. ಪ್ರಿಫಿಕ್ಸ್ ಪೂರ್ತಿ ಆಗುವುದಿಲ್ಲ, ಆಟ ವಾಪಸ್ ಬರುತ್ತದೆ. ಆ ಆಪ್ಷನ್ ತೆಗೆದರೆ ಸರಿಹೋಗುತ್ತಲ್ವಾ ಅಂತ ಕೇಳಬಹುದು. ಲಿಂಕ್ ಆಗುತ್ತದೆ, ಆದರೆ ಆಮೇಲೆ ವಿಂಡೋಸ್ ಡಿಸ್ಕ್ ಚೆಕ್ ಮಾಡುವಾಗ ಆ ಹೆಸರುಗಳನ್ನು ತಪ್ಪು ಅಂತ ಹಿಡಿಯುತ್ತದೆ. ಆ ದಾರಿ ಬೇಡ.

ಹಾಗಾದರೆ ಆಟದ 60 ಜಿಬಿ ಅಲ್ಲೇ ಇರಲಿ. ಕಾಂಪ್ಯಾಟ್‌ಡೇಟಾ ಮಾತ್ರ ನಮ್ಮ ಹೋಮ್ ಫೋಲ್ಡರ್‌ಗೆ, ಅಂದರೆ ಲಿನಕ್ಸ್ ಡಿಸ್ಕ್‌ಗೆ ಬರಲಿ. ಹಳೇ ಜಾಗದಲ್ಲಿ ಒಂದು ಲಿಂಕ್ ಇದ್ದರೆ ಸಾಕು.

ಲಿಂಕ್ ಹಾಕುವುದು (ಇಲ್ಲೇ ಎರಡು ಸಂಜೆ ಹೋಯಿತು)

ಅಂಗಡಿ ಬೇರೆ ಬೀದಿಗೆ ಹೋದಾಗ ಹಳೇ ಶಟರ್ ಮೇಲೆ "ಅಂಗಡಿ ಇಂಥಲ್ಲಿಗೆ ಸ್ಥಳಾಂತರವಾಗಿದೆ" ಅಂತ ಬೋರ್ಡ್ ಹಾಕುತ್ತಾರಲ್ವಾ? ಸಿಂಬಾಲಿಕ್ ಲಿಂಕ್ ಅಂದರೆ ಆ ಬೋರ್ಡ್. ಒಳಗೆ ಸಾಮಾನು ಇಲ್ಲ, ವಿಳಾಸ ಮಾತ್ರ ಇದೆ. ಸ್ಟೀಮ್ ಬಂದು ಬೋರ್ಡ್ ನೋಡಿ ಹೊಸ ವಿಳಾಸಕ್ಕೆ ಹೋಗುತ್ತದೆ.

ಕಮಾಂಡ್ ಹೀಗೆ: ಎಲ್‌ಎನ್ -ಎಸ್, ಆಮೇಲೆ ಎರಡು ವಿಳಾಸ. ಯಾವುದು ಮೊದಲು? ನಾನು ಪ್ರತಿ ಸಲ ತಿರುಗಾಮುರುಗಾ ಹಾಕುತ್ತಿದ್ದೆ. "ಲಿಂಕ್ ಮಾಡು" ಅಂದಮೇಲೆ ಲಿಂಕಿನ ಹೆಸರೇ ಮೊದಲು ಬರಬೇಕು ಅಂತ ಮನಸ್ಸು ಹೇಳುತ್ತಿತ್ತು. ಅದು ತಪ್ಪು. ಈಗ ನಾನು ನೆನಪಿಟ್ಟುಕೊಂಡ ಸೂತ್ರ: ಇರೋದು ಮೊದಲು, ಬರೋದು ಆಮೇಲೆ. ಹೊಸ ಅಂಗಡಿ ಆಗಲೇ ಇದೆ, ಅದು ಮೊದಲು. ಬೋರ್ಡ್ ಇನ್ನು ಬರಬೇಕು, ಅದು ಆಮೇಲೆ. ಫೈಲ್ ನಕಲು ಮಾಡುವ ಸಿಪಿ ಕಮಾಂಡ್‌ನಲ್ಲೂ ಇದೇ ಕ್ರಮ: ಇರುವ ಫೈಲ್ ಮೊದಲು, ಬರುವ ನಕಲು ಆಮೇಲೆ. ಎರಡಕ್ಕೂ ಒಂದೇ ಸೂತ್ರ ಅಂತ ಗೊತ್ತಾದ ಮೇಲೆ ಮತ್ತೆ ತಪ್ಪಿಲ್ಲ.

ಎರಡನೇ ಎಡವು. ಕ್ರಮ ಸರಿ ಹಾಕಿದೆ, ಎರರ್ ಬರಲಿಲ್ಲ, ಆದರೂ ಆಟ ಓಡಲಿಲ್ಲ. ಯಾಕೆ? ಹಳೇ ಕಾಂಪ್ಯಾಟ್‌ಡೇಟಾ ಫೋಲ್ಡರ್ ಇನ್ನೂ ಅಲ್ಲೇ ಇತ್ತು. ಆ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಎಲ್‌ಎನ್ ಅದನ್ನು ತೆಗೆಯುವುದಿಲ್ಲ, ಲಿಂಕನ್ನು ಅದರ ಒಳಗೆ ಇಡುತ್ತದೆ. ಅಂಗಡಿ ಖಾಲಿ ಮಾಡದೆ ಬೋರ್ಡನ್ನು ಒಳಗಿನ ಗೋಡೆಗೆ ಹಾಕಿದ ಹಾಗೆ. ಬೀದಿಯಲ್ಲಿ ಹೋಗುವವರಿಗೆ ಕಾಣುವುದು ಹಳೇ ಅಂಗಡಿಯೇ.

ಇದನ್ನು ಕಣ್ಣಾರೆ ನೋಡಬಹುದು. ಸ್ಟೀಮ್‌ಆ್ಯಪ್ಸ್ ಒಳಗೆ ನಿಂತು ಎಲ್‌ಎಸ್ -ಎಲ್ ಕೊಡಿ. ಕಾಂಪ್ಯಾಟ್‌ಡೇಟಾ ಸಾಲಿನ ಮೊದಲ ಅಕ್ಷರ ನೋಡಿ. ಡಿ ಇದ್ದರೆ ಅದು ಫೋಲ್ಡರ್, ಬೋರ್ಡ್ ಅಲ್ಲ. ಎಲ್ ಇದ್ದರೆ ಲಿಂಕ್, ಸಾಲಿನ ಕೊನೆಗೆ ಬಾಣದ ಗುರುತು ಹಾಕಿ ಹೊಸ ವಿಳಾಸ ಬರೆದಿರುತ್ತದೆ. ನನಗೆ ಎರಡು ದಿನ ಡಿ ಕಾಣುತ್ತಿತ್ತು. ಆ ಒಂದು ಅಕ್ಷರದ ಕಡೆ ನಾನು ನೋಡಿಯೇ ಇರಲಿಲ್ಲ.

ಆದ್ದರಿಂದ ಮೊದಲು ಸ್ಟೀಮ್ ಪೂರ್ತಿ ಮುಚ್ಚಿ. ಹಳೇ ಫೋಲ್ಡರ್‌ನ ಹೆಸರು ಬದಲಿಸಿ, ಹಳೇಕಾಂಪ್ಯಾಟ್ ಅಂತ ಏನಾದರೂ. ಅಳಿಸಬೇಡಿ! ಮೊದಲು ಯಾವುದಾದರೂ ಆಟ ಅದರಲ್ಲಿ ಓಡಿದ್ದರೆ ಅದರ ಸೇವ್ ಫೈಲ್ ಆ ಪ್ರಿಫಿಕ್ಸ್ ಒಳಗೇ ಇರಬಹುದು. ಕ್ಲೌಡ್ ಸೇವ್ ಇಲ್ಲದ ಆಟವಾದರೆ ಅಷ್ಟೂ ಗಂಟೆಗಳ ಆಟ ಹೋದಂತೆ. ಆಮೇಲೆ ಹೋಮ್ ಒಳಗಿನ ಸ್ಟೀಮ್‌ಆ್ಯಪ್ಸ್‌ನಲ್ಲಿ ಕಾಂಪ್ಯಾಟ್‌ಡೇಟಾ ಇದೆಯಾ ನೋಡಿ, ಇಲ್ಲದಿದ್ದರೆ ಮಾಡಿ. ಕೊನೆಗೆ ಲಿಂಕ್.

ಮೂರನೆಯದು ಸಣ್ಣದು. ಹೊಸ ವಿಳಾಸವನ್ನು ಪೂರ್ತಿ ಬರೆಯಿರಿ, ಸ್ಲ್ಯಾಶ್‌ನಿಂದ ಶುರು ಮಾಡಿ. ಅರ್ಧ ವಿಳಾಸ ಬರೆದರೆ ಅದನ್ನು ಬೋರ್ಡ್ ಇರುವ ಜಾಗದಿಂದ ಲೆಕ್ಕ ಹಾಕುತ್ತಾರೆ, ನೀವು ನಿಂತು ಬರೆದ ಜಾಗದಿಂದಲ್ಲ. "ಎದುರಿನ ಗಲ್ಲಿ" ಅನ್ನುವುದು ಬೋರ್ಡ್ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ.

ಪ್ರೋಟಾನ್ ಕೂಡ ಸ್ಟೀಮ್‌ನಲ್ಲಿ ಒಂದು ಆಟದ ಹಾಗೆಯೇ ಇನ್‌ಸ್ಟಾಲ್ ಆಗುತ್ತದೆ. ಅದನ್ನೂ ಹೋಮ್ ಇರುವ ಡಿಸ್ಕ್‌ನಲ್ಲೇ ಇಡಿ.

ಮೌಂಟ್, ಕರೆಂಟ್, ಇತ್ಯಾದಿ

ಪ್ರತಿ ಸಲ ಡ್ರೈವ್ ಮೇಲೆ ಕ್ಲಿಕ್ ಮಾಡುವ ಬದಲು ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡ್ರೈವ್ ಮೌಂಟ್ ಆಗಬೇಕು ಅಂತ ಬರೆದಿಡುವ ಫೈಲ್) ಒಂದು ಸಾಲು ಹಾಕಿದೆ. ಡ್ರೈವರ್ ಎನ್‌ಟಿಎಫ್‌ಎಸ್3, ಇದು 2021ರ 5.15 ಕರ್ನಲ್‌ನಿಂದ ಒಳಗೇ ಬರುತ್ತದೆ. ಆಪ್ಷನ್‌ಗಳಲ್ಲಿ ಯುಐಡಿ, ಜಿಐಡಿ ಎರಡೂ 1000 (ಮೊದಲ ಬಳಕೆದಾರನ ಸಂಖ್ಯೆ ಸಾಮಾನ್ಯವಾಗಿ ಇದೇ). ನೋಫೇಲ್ ಮರೆಯಬೇಡಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ಸಿಸ್ಟಮ್ ಬೂಟ್ ಆಗುವಾಗಲೇ ನಿಂತುಬಿಡುತ್ತದೆ. ಯೂಸರ್ ಅಥವಾ ಯೂಸರ್ಸ್ ಆಪ್ಷನ್ ಸುಮ್ನೆ ಸೇರಿಸಬೇಡಿ, ಅದರ ಜೊತೆ ನೋಎಕ್ಸೆಕ್ ಕೂಡ ಬರುತ್ತದೆ, ಆ ಡ್ರೈವ್‌ನಿಂದ ಪ್ರೋಗ್ರಾಂ ಓಡುವುದಿಲ್ಲ.

ತಮ್ಮ ವಿಂಡೋಸ್ ಶಟ್‌ಡೌನ್ ಮಾಡಿದ ಮರುದಿನ ಡ್ರೈವ್ ಮೌಂಟೇ ಆಗಲಿಲ್ಲ. ಕಾರಣ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ, ಡ್ರೈವ್ ಬಿಟ್ಟುಕೊಡುವುದಿಲ್ಲ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿಸಿದೆ. ಆಟದ ಮಧ್ಯೆ ಕರೆಂಟ್ ಹೋದರೂ ಇದೇ ಕಥೆ ಆಗಬಹುದು, ನಮ್ಮಲ್ಲಿ ಯುಪಿಎಸ್ ಇಲ್ಲ. ಆಗ ವಿಂಡೋಸ್‌ಗೆ ಹೋಗಿ ಡಿಸ್ಕ್ ಚೆಕ್ ಮಾಡಿಸಿ ಬರುತ್ತೇನೆ. ಲಿನಕ್ಸ್‌ನಿಂದ ಫೋರ್ಸ್ ಹಾಕಿ ಮೌಂಟ್ ಮಾಡುವುದಿಲ್ಲ.

ಜಾಗ ಇದ್ದವರಿಗೆ ನನ್ನ ಮಾತು ಒಂದೇ: ಇಷ್ಟೆಲ್ಲ ಬೇಡ, ಲಿನಕ್ಸ್‌ನದೇ ಫಾರ್ಮ್ಯಾಟ್ ಆದ ಎಕ್ಸ್‌ಟಿ4 ಪಾರ್ಟಿಷನ್ ಮಾಡಿ ಆಟಗಳನ್ನು ಅಲ್ಲಿಗೇ ಸರಿಸಿ. ಡ್ರೈವ್ ಹಂಚಿಕೊಳ್ಳಲೇಬೇಕಾದವರಿಗೆ ಮಾತ್ರ ಈ ಟಿಪ್ಪಣಿ.

ಕೆಲವು ಆನ್‌ಲೈನ್ ಆಟಗಳು ಏನು ಮಾಡಿದರೂ ಓಡುವುದಿಲ್ಲ, ಆಟದಲ್ಲಿ ಮೋಸ ತಡೆಯುವ ಆಂಟಿ-ಚೀಟ್ ಕಾರಣ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ, ಆದರೆ ಅದನ್ನು ಆನ್ ಮಾಡಬೇಕಾದವರು ಆಟ ತಯಾರಿಸಿದವರು. ಡಿಸ್ಕ್ ಜೊತೆ ಗುದ್ದಾಡುವ ಮೊದಲು ಯಾವ ಆಟ ಓಡುತ್ತದೆ ಅಂತ ಬಳಕೆದಾರರು ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಆಟದ ಹೆಸರು ಹಾಕಿ ನೋಡಿ.

ಇನ್ನೊಂದು ವಿಷಯ ಇವತ್ತು ಬೆಳಗ್ಗೆ ಗೊತ್ತಾಯಿತು. ಆಟಕ್ಕೆ ಲಿನಕ್ಸ್ ಆವೃತ್ತಿಯೂ ಇದ್ದರೆ ಸ್ಟೀಮ್ ಅದನ್ನೇ ಇಳಿಸಲು ಹೊರಡುತ್ತದೆ, ಹಂಚಿಕೊಂಡ ಫೋಲ್ಡರ್‌ನಲ್ಲಿರುವ ವಿಂಡೋಸ್ ಫೈಲ್‌ಗಳನ್ನು ಬದಲಿಸುತ್ತದೆ. ಡೌನ್‌ಲೋಡ್ ನಿಲ್ಲಿಸಿ, ಆಟದ ಪ್ರಾಪರ್ಟೀಸ್‌ನಲ್ಲಿ ಕಾಂಪ್ಯಾಟಿಬಿಲಿಟಿಗೆ ಹೋಗಿ ಪ್ರೋಟಾನ್ ಅಂತ ಆರಿಸಿದೆ. ಸ್ಟೀಮ್ ಇರುವ ಫೈಲ್‌ಗಳನ್ನೇ ಪರೀಕ್ಷಿಸಿ ಒಪ್ಪಿಕೊಂಡಿತು. ತಮ್ಮನಿಗೂ ಆ ಕಡೆ ಮತ್ತೆ ಏನೂ ಇಳಿಸುವ ಕೆಲಸ ಬರಲಿಲ್ಲ.