ಕೆಮಿಕಲ್ ಹಾಕ್ಲಾ, ಬಯೋಟೆಕ್ ಹಾಕ್ಲಾ? ಒಂದು ಕ್ವಿಂಟಾಲ್ ಮೆಕ್ಕೆಜೋಳದ ಲೆಕ್ಕ

ಸಿಇಟಿ ರ್‍ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾದರೆ ಸಾಕು, ದಾವಣಗೆರೆಯ ತಂದೆ ತಾಯಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಸಾರ್, ಸಿಎಸ್ ಸಿಗೋ ಹಾಗಿಲ್ಲ. ಮಗಳಿಗೆ ಕೆಮಿಸ್ಟ್ರೀಲಿ ಒಳ್ಳೆ ಮಾರ್ಕ್ಸ್ ಇದಾವೆ, ಕೆಮಿಕಲ್ ಹಾಕ್ಲಾ? ಬಯಾಲಜಿ ಅಂದ್ರೂ ಇಷ್ಟ, ಬಯೋಟೆಕ್ ಹಾಕ್ಲಾ?'

ಪಿಯುಸಿಯಲ್ಲಿ ಯಾವ ವಿಷಯಕ್ಕೆ ಮಾರ್ಕ್ಸ್ ಜಾಸ್ತಿ ಬಂತೋ ಅದನ್ನು ನೋಡಿ ಈ ಎರಡರಲ್ಲಿ ಒಂದನ್ನು ಆರಿಸಬೇಡಿ. ಕಾರ್ಖಾನೆಗಳಲ್ಲಿ ಪ್ರೋಸೆಸ್ ಇಂಜಿನಿಯರ್ ಆಗಿ ದುಡಿದವನಾಗಿ ಈ ಮಾತು ಹೇಳುತ್ತಿದ್ದೇನೆ. ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಕೆಮಿಸ್ಟ್ರಿ ಇರುವುದು ಸ್ವಲ್ಪವೇ. ಮೊದಲ ವರ್ಷ ದಾಟಿದ ಮೇಲೆ ಬರುವುದೆಲ್ಲ ಗಣಿತ, ಫಿಸಿಕ್ಸ್. ಪೈಪಿನಲ್ಲಿ ದ್ರವ ಹೇಗೆ ಹರಿಯುತ್ತದೆ, ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎರಡು ದ್ರವ ಬೆರೆತರೆ ಬೇರ್ಪಡಿಸುವುದು ಹೇಗೆ, ರಿಯಾಕ್ಷನ್ ನಡೆಯುವ ಪಾತ್ರೆ, ಅಂದರೆ ರಿಯಾಕ್ಟರ್, ಎಷ್ಟು ದೊಡ್ಡದಿರಬೇಕು. ಇವೇ ಮೂರು ವರ್ಷದ ಓದು. ಕೆಮಿಸ್ಟ್ರಿಯ ರಿಯಾಕ್ಷನ್‌ಗಳೇ ಇಷ್ಟವಾದರೆ ಬಿಎಸ್ಸಿ, ಎಂಎಸ್ಸಿ ಮಾಡುವುದು ಒಳ್ಳೆಯದು. ಅದೇನೂ ಕಡಿಮೆ ದಾರಿಯಲ್ಲ.

ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಗೊತ್ತಿಲ್ಲದ ಮನೆ ಇಲ್ಲ. ಹಾಗಾಗಿ ಮಕ್ಕಳಿಗೆ ಅದನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಜಗಳೂರು ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. 'ನೋಡವ್ವಾ, ನಿಮ್ಮಪ್ಪ ಎಪಿಎಂಸಿಗೆ ತಂದ ಒಂದು ಕ್ವಿಂಟಾಲ್ ಜೋಳದಿಂದ ಪೆಟ್ರೋಲಿಗೆ ಬೆರೆಸೋ ಎಥೆನಾಲ್ ಮಾಡಿದರೆ ಎಷ್ಟು ಬರುತ್ತೆ?' ಎಂದು ಕೇಳಿ ಹಾಳೆ, ಪೆನ್ನು ಕೊಟ್ಟೆ.

ಜೋಳವನ್ನು ಹಿಟ್ಟು ಮಾಡಿ ನೀರಿಗೆ ಕಲೆಸುತ್ತಾರೆ. 85–90 ಡಿಗ್ರಿ ಬಿಸಿಯಲ್ಲಿ ಒಂದು ಎನ್‌ಜೈಮ್ ಹಾಕಿದರೆ ಗಂಜಿಯಂತೆ ಗಟ್ಟಿಯಾದದ್ದು ತೆಳ್ಳಗಾಗುತ್ತದೆ. ಆರಿಸಿ ಇನ್ನೊಂದು ಎನ್‌ಜೈಮ್ ಹಾಕಿದರೆ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ. 30–32 ಡಿಗ್ರಿಗೆ ಇಳಿಸಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬಿಡುತ್ತಾರೆ. 180 ಗ್ರಾಂ ಗ್ಲೂಕೋಸ್ ತಿಂದ ಯೀಸ್ಟ್, ಲೆಕ್ಕದ ಪ್ರಕಾರ, 92 ಗ್ರಾಂ ಎಥೆನಾಲ್ ಮತ್ತು 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೊಡಬೇಕು. ಇದು ಪಿಯುಸಿಯ ಲೆಕ್ಕವೇ. ಹುಡುಗಿ ಬೇಗ ಮಾಡಿದಳು. ಕಾರ್ಖಾನೆಯಲ್ಲಿ ಒಂದು ಕ್ವಿಂಟಾಲಿಗೆ ಸಿಗುವುದು ಸುಮಾರು 38 ಲೀಟರ್. ತೂಕದಲ್ಲಿ 30 ಕೆಜಿ. ಹೆಚ್ಚುಕಡಿಮೆ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇನ್ನೂ ಸುಮಾರು ಅಷ್ಟೇ ತೂಕ ಪಶು ಆಹಾರವಾಗಿ ಉಳಿಯುತ್ತದೆ. 'ಮಿಕ್ಕಿದ್ದು?' ಎಂದು ಕೇಳಿದ್ದು ಅವರಪ್ಪ. ಜೋಳದಲ್ಲೇ ಇದ್ದ ತೇವ ಎಂದೆ. 'ಹಂಗಾರೆ ತೂಕ ಸರಿಹೋತು' ಎಂದರು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆ ನೋಡುವ ಈ ಕೆಲಸಕ್ಕೆ ಮಟೀರಿಯಲ್ ಬ್ಯಾಲೆನ್ಸ್ ಎನ್ನುತ್ತಾರೆ. ಕೆಮಿಕಲ್ ಇಂಜಿನಿಯರಿಂಗ್‌ನ ಮೊದಲ ಪಾಠ ಇದೇ. ಇಂಥ ಲೆಕ್ಕದಲ್ಲಿ ಖುಷಿ ಸಿಗುವ ಮಗುವಿಗೆ ಈ ಬ್ರ್ಯಾಂಚ್ ಖಂಡಿತ ಹಿಡಿಸುತ್ತದೆ.

ಈ ಜೋಳದ ದಾರಿಯಲ್ಲಿ ಬಯೋಟೆಕ್ ಎಲ್ಲಿದೆ ಎಂದು ನೋಡಿ. ಎನ್‌ಜೈಮ್, ಯೀಸ್ಟ್ ಎರಡೂ ಬಯಾಲಜಿ. ಯಾವ ಯೀಸ್ಟ್ ಜಾಸ್ತಿ ಎಥೆನಾಲ್ ತಡೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ನುಗ್ಗಿ ಹಾಳುಮಾಡದಂತೆ ಕಾಯುವುದು ಹೇಗೆ ಎನ್ನುವುದನ್ನು ಬಯೋಟೆಕ್ ಓದಿದವರು ಹೇಳುತ್ತಾರೆ. ಆದರೆ ಟ್ಯಾಂಕಿನಲ್ಲಿ ಎಥೆನಾಲ್ ಇರುವುದು ನೂರಕ್ಕೆ ಹತ್ತು ಹನ್ನೆರಡು ಪಾಲು ಮಾತ್ರ. ಉಳಿದದ್ದು ಬಹುತೇಕ ನೀರು. ಕಾಲಂ ಎನ್ನುವ ಎತ್ತರದ ಗೋಪುರಗಳಲ್ಲಿ ಕುದಿಸಿ ಬಟ್ಟಿ ಇಳಿಸಿದರೂ 95–96 ಪಾಲಿಗೆ ಬಂದು ನಿಂತುಬಿಡುತ್ತದೆ. ಪೆಟ್ರೋಲಿಗೆ ಬೆರೆಸಬೇಕಾದರೆ 99.5 ದಾಟಬೇಕು, ಅದಕ್ಕೆ ನೀರನ್ನು ಹೀರಿಕೊಳ್ಳುವ ಮಾಲಿಕ್ಯುಲರ್ ಸೀವ್ ಬೇಕು. ಇಷ್ಟೂ ಕೆಮಿಕಲ್ ಇಂಜಿನಿಯರ್ ಕೆಲಸ.

ಪೆನ್ಸಿಲಿನ್ ಕಥೆಯೂ ಇಂಥದ್ದೇ. ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು 1928ರಲ್ಲಿ ಕಂಡರು. ಆದರೆ ಔಷಧಿಯಾಗಿ ರಾಶಿ ರಾಶಿ ತಯಾರಾಗಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ದೊಡ್ಡ ದೊಡ್ಡ ಟ್ಯಾಂಕಿನಲ್ಲಿ ಅದನ್ನು ಕೊಡುವ ಬೂಸ್ಟು ಬೆಳೆಸುವುದನ್ನು ಕಲಿತ ಮೇಲೆ. ಅಂಥ ಮೊದಲ ಪ್ಲಾಂಟನ್ನು ವಿನ್ಯಾಸ ಮಾಡಿದವರು ಮಾರ್ಗರೇಟ್ ಹಚಿನ್ಸನ್ ರೂಸೋ ಎಂಬ ಕೆಮಿಕಲ್ ಇಂಜಿನಿಯರ್. 'ಹೆಣ್ಣುಮಕ್ಕಳಿಗೆ ಇದು ಆಗಿಬರುತ್ತಾ?' ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಇದು.

ಸಣ್ಣದರಲ್ಲಿ ಆದದ್ದು ದೊಡ್ಡದರಲ್ಲಿ ಯಾಕೆ ಹಾಗೇ ಆಗುವುದಿಲ್ಲ? ಹಸಿ ಜೋಳವನ್ನು ದೊಡ್ಡ ರಾಶಿ ಹಾಕಿದರೆ ಒಳಗೆ ಕೈ ಇಡಲಾಗದಷ್ಟು ಕಾವು ಬರುತ್ತದೆ, ಅಲ್ವಾ? ಅದೇ ಜೋಳ ತೆಳ್ಳಗೆ ಹರಡಿದರೆ ತಣ್ಣಗಿರುತ್ತದೆ. ಯೀಸ್ಟ್ ಟ್ಯಾಂಕಿನ ಕಥೆಯೂ ಹೀಗೇ. ಒಂದು ಲೀಟರ್ ಪಾತ್ರೆಯನ್ನು ಉದ್ದ, ಅಗಲ, ಎತ್ತರದಲ್ಲಿ ಹತ್ತು ಪಟ್ಟು ಮಾಡಿದರೆ ಸಾವಿರ ಲೀಟರ್ ಹಿಡಿಯುತ್ತದೆ. ಹುಟ್ಟುವ ಶಾಖವೂ ಸಾವಿರ ಪಟ್ಟು. ಅದು ಹೊರಗೆ ಹೋಗಬೇಕಾದ ಪಾತ್ರೆಯ ಹೊರಮೈ ಮಾತ್ರ ನೂರು ಪಟ್ಟು. ತಣಿಸದಿದ್ದರೆ ಯೀಸ್ಟ್ ಸಾಯುತ್ತದೆ. ಲ್ಯಾಬಿನಲ್ಲಿ ಗೆದ್ದ ಎಷ್ಟೋ ಒಳ್ಳೆಯ ಐಡಿಯಾಗಳು ಸೋಲುವುದು ಇಲ್ಲೇ. ನನ್ನ ವೃತ್ತಿಯಲ್ಲಿ ನನಗೆ ಬಹಳ ಪ್ರೀತಿಯ ಭಾಗವೂ ಇದೇ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾಲ್ಕು ವರ್ಷ ಮುಗಿದ ಕೂಡಲೇ ಮನೆಗೆ ಸಂಬಳ ಬೇಕು ಎನ್ನುವ ಕುಟುಂಬ ಕೆಮಿಕಲ್ ಆರಿಸಲಿ. ಸಕ್ಕರೆ, ಸಿಮೆಂಟ್, ಪೇಂಟ್, ಗೊಬ್ಬರ, ಔಷಧಿ, ಪೆಟ್ರೋಲಿಯಂ ಎಲ್ಲ ಕಡೆಯೂ ಅದಕ್ಕೆ ಬಾಗಿಲಿದೆ. ಆಮೇಲೆ ಎಂಟೆಕ್‌ನಲ್ಲಿ ಬಯೋ ಕಡೆಗೆ ಹೊರಳಬಹುದು. ಬಯೋಟೆಕ್ ಆರಿಸುವವರು ಆರು ವರ್ಷದ ಓದು ಎಂದೇ ಮನಸ್ಸು ಮಾಡಿಕೊಳ್ಳಲಿ. ಅದರಲ್ಲಿ ಒಳ್ಳೆಯ ಕೆಲಸಗಳು ಸಾಮಾನ್ಯವಾಗಿ ಎಂಟೆಕ್, ಪಿಎಚ್‌ಡಿ ಮಾಡಿದವರಿಗೆ ಸಿಗುತ್ತವೆ. ಜೀವಕೋಶದ ಬಗ್ಗೆ ಓದುತ್ತಾ ಊಟ ಮರೆಯುವ ಮಗುವಾದರೆ ತಡೆಯಬೇಡಿ, ಕಳಿಸಿ. ಸುಮ್ನೆ 'ನೀಟ್ ಆಗಲಿಲ್ಲ, ಇದಾದರೂ ಡಾಕ್ಟರ್ ಲೈನಿಗೆ ಹತ್ತಿರ' ಎಂದು ಮಾತ್ರ ಬೇಡ. ಅದು ಹತ್ತಿರವಲ್ಲ. ಇನ್ನೊಂದು ಮಾತು. ಸಿಇಟಿ ಇಂಜಿನಿಯರಿಂಗ್ ರ್‍ಯಾಂಕಿಗೆ ಲೆಕ್ಕವಾಗುವುದು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. ಬಯೋಟೆಕ್ ಸೀಟಿಗೂ ಅಷ್ಟೇ.

ಕೆಲಸ ಎಲ್ಲಿ ಎಂಬುದನ್ನೂ ಮನೆಯಲ್ಲಿ ಮೊದಲೇ ಮಾತಾಡಿ. ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣಂನಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರು ಮಾಡುತ್ತಾರೆ. ಸುತ್ತ ಸಕ್ಕರೆ, ಎಥೆನಾಲ್ ಕಾರ್ಖಾನೆಗಳಿವೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿವೆ. ಆದರೂ ಬಹುಪಾಲು ಮಕ್ಕಳು ಮಂಗಳೂರು, ಹೈದರಾಬಾದ್, ಗುಜರಾತಿನ ದಹೇಜ್, ಅಂಕಲೇಶ್ವರದ ಕಡೆ ಹೋಗಬೇಕಾಗುತ್ತದೆ. ಶಿಫ್ಟ್ ಇರುತ್ತದೆ, ರಾತ್ರಿ ಪಾಳಿಯೂ ಬರಬಹುದು. ಕಟ್ಟಡಗಳ ಮೇಲೆ ಹತ್ತಿ ಇಳಿಯಬೇಕು. ಎಚ್ಚರವೂ ಬೇಕು. 1984ರ ಭೋಪಾಲ್ ಅನಿಲ ದುರಂತವನ್ನು ಈ ವಿಷಯ ಓದುವ ಪ್ರತಿ ಮಗುವೂ ಕೂಲಂಕಷವಾಗಿ ಓದಬೇಕೆಂದು ನಾನು ಹಟ ಹಿಡಿಯುತ್ತೇನೆ. ಒಂದು ವಾಲ್ವ್, ಒಂದು ತಣಿಸುವ ಯಂತ್ರ ಕೆಲಸ ಮಾಡದಿದ್ದರೆ ಎಷ್ಟು ಜೀವ ಹೋಗುತ್ತವೆ ಎಂದು ಗೊತ್ತಿರಬೇಕು.

ಕಾಲೇಜಿನ ವಿಷಯ ಚಿಕ್ಕದು. ಊರಲ್ಲೇ ಬೇಕೆಂದರೆ ಬಿಐಇಟಿ ಇದೆ. ಕೆಮಿಕಲ್‌ಗಾದರೆ, ಜೆಇಇ ಮೇನ್‌ನಲ್ಲಿ ಒಳ್ಳೆಯ ರ್‍ಯಾಂಕ್ ಬಂದರೆ ಸುರತ್ಕಲ್ಲಿನ ಎನ್‌ಐಟಿಕೆ ಇದೆ. ಯಾವುದಕ್ಕೇ ಹೋಗಿ, ಬಿಲ್ಡಿಂಗ್ ನೋಡಿ ಬರಬೇಡಿ. ಹೀಟ್ ಟ್ರಾನ್ಸ್‌ಫರ್ (ಶಾಖದ ಓಡಾಟ), ಮಾಸ್ ಟ್ರಾನ್ಸ್‌ಫರ್ (ಬೆರೆತದ್ದನ್ನು ಬೇರ್ಪಡಿಸುವುದು) ಲ್ಯಾಬ್ ತೋರಿಸಿ ಎಂದು ಕೇಳಿ. ಬಟ್ಟಿ ಇಳಿಸುವ ಡಿಸ್ಟಿಲೇಶನ್ ಕಾಲಂ ಓಡುತ್ತಿದೆಯಾ, ಧೂಳು ಹಿಡಿದು ನಿಂತಿದೆಯಾ ನೋಡಿ. ಬಯೋಟೆಕ್ ಆದರೆ ಯೀಸ್ಟ್‌ನಂಥವನ್ನು ಬೆಳೆಸುವ ಟ್ಯಾಂಕು, ಅಂದರೆ ಫರ್ಮೆಂಟರ್, ಯಾವಾಗ ಬಳಸಿದ್ದು ಎಂದು ಸೀನಿಯರ್ ಮಕ್ಕಳನ್ನೇ ಕೇಳಿ. ಸಿಲಬಸ್ ತೆರೆದು ಬಯೋಟೆಕ್‌ನಲ್ಲಿ ಮಾಸ್ ಟ್ರಾನ್ಸ್‌ಫರ್, ರಿಯಾಕ್ಷನ್ ಇಂಜಿನಿಯರಿಂಗ್ ಇದೆಯಾ ನೋಡಿ. ಇದ್ದರೆ ಅದು ನಿಜವಾದ ಇಂಜಿನಿಯರಿಂಗ್ ಕೋರ್ಸ್.

ಈಗಾಗಲೇ ಬಯೋಟೆಕ್ ಸೇರಿರುವವರು ಹೆದರಬೇಕಾಗಿಲ್ಲ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಬಯೋಟೆಕ್ನಾಲಜಿ ಪೇಪರ್ ಇದೆ. ಪ್ರೋಸೆಸ್ ವಿಷಯಗಳನ್ನು ಗಟ್ಟಿ ಮಾಡಿಕೊಂಡವರು ಕೆಮಿಕಲ್ ಪೇಪರನ್ನೇ ಬರೆಯಬಹುದು. ಎರಡನೇ ವರ್ಷದಿಂದಲೇ ತಯಾರಿ ಶುರು ಮಾಡಿ, ರಜೆಯಲ್ಲಿ ಹತ್ತಿರದ ಯಾವುದಾದರೂ ಕಾರ್ಖಾನೆಯಲ್ಲಿ ಟ್ರೈನಿಂಗ್ ಕೇಳಿ.